ಏಳು ಹನ್ನೆರಡರ ಕಳ್ಳ

ಕೈಪಿಡಿ ಓದದೆ ನಾನು ಮುಟ್ಟಿದ ಯಂತ್ರ ಈ ಭೂಮಿಯ ಮೇಲೆ ಒಂದೂ ಇಲ್ಲ. ಬ್ರೆಡ್ಡು ಸುಡುವ ಟೋಸ್ಟರಿನ ಕೈಪಿಡಿಯನ್ನೂ ಓದಿದ್ದೇನೆ. ಅದರ ಒಂಬತ್ತನೆಯ ಪುಟದಲ್ಲಿ ತಪ್ಪಿತ್ತು; ಪತ್ರ ಬರೆದು ತಿಳಿಸಿದ್ದೇನೆ. ಹೀಗಿರುವಾಗ ಜನವರಿಯಲ್ಲಿ ಏಳು ವರ್ಷ ಹಳೆಯ ವ್ಯಾನೊಂದನ್ನು ಕೊಂಡ ನಾನು ಸುಮ್ಮನಿರುವುದುಂಟೇ? ನಾನೂರ ಮೂವತ್ತು ಪುಟಗಳನ್ನು ಮೂರು ಸಂಜೆಗಳಲ್ಲಿ ಓದಿ ಮುಗಿಸಿ, ಪುಸ್ತಕವನ್ನು ಪಟ್ಟನೆ ಮುಚ್ಚಿ ಘೋಷಿಸಿದೆ:

"ಇಡೀ ಡುಲೂತ್ ಊರಲ್ಲಿ ಈ ವ್ಯಾನನ್ನ ನನ್ನಷ್ಟು ಪೂರ್ತಿಯಾಗಿ ಬಳಸೋ ಗಂಡಸು ಇನ್ನೊಬ್ಬ ಇರಕೂಡದು!"

"ಯಾರೂ ಪೈಪೋಟಿಗೆ ಬಂದಿಲ್ಲ ಎಲ್ಡನ್, ನೆಮ್ಮದಿಯಾಗಿ ಊಟ ಮಾಡು," ಎಂದಳು ನನ್ನ ಹೆಂಡತಿ ಮಾರಿಟ್.

ನಾನು ನಗರದ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದ್ದೇನೆ. ನಮ್ಮಲ್ಲಿ ಪ್ರತಿ ಬಾಟಲಿಗೂ ಚೀಟಿ ಇರಬೇಕು: ಏನು, ಎಲ್ಲಿಂದ, ಎಷ್ಟು ಗಂಟೆಗೆ, ಯಾರು ತಂದದ್ದು. ಈ ಶಿಸ್ತನ್ನು ಮನೆಗೂ ತಂದಿದ್ದೇನೆ. ಮಾರಿಟ್ ಅದಕ್ಕೆ ಬೇರೆ ಹೆಸರು ಇಟ್ಟಿದ್ದಾಳೆ. ಅದು ಇಲ್ಲಿ ಬೇಡ.

ವ್ಯಾನಿನ ನಿಜವಾದ ವೈಭವ ಇರುವುದು ಚಾಲಕನ ನೆತ್ತಿಯ ಮೇಲೆ. ಚಾವಣಿಗೆ ಅಂಟಿಸಿದ ಆ ಪಟ್ಟಿಯಲ್ಲಿ ಏನುಂಟು ಏನಿಲ್ಲ! ತಂಪು ಕನ್ನಡಕಕ್ಕೊಂದು ಗೂಡು. ಹಿಂದಿನ ಸೀಟಿನವರೆಲ್ಲ ಒಟ್ಟಿಗೆ ಕಾಣುವ ಉಬ್ಬುಗನ್ನಡಿ. ಎಡಬಲದ ಜಾರುಬಾಗಿಲುಗಳಿಗೆ ಒಂದೊಂದು ಗುಂಡಿ. ಹೊರಗಿನ ಚಳಿ ಎಷ್ಟೆಂದು ಹೇಳುವ ಅಂಕಿ, ದಿಕ್ಕು ತೋರಿಸುವ ಅಕ್ಷರ, ಗಡಿಯಾರ. ದಿಕ್ಸೂಚಿ ಸರಿಪಡಿಸಲು ಬಯಲಲ್ಲಿ ನಿಧಾನವಾಗಿ ಮೂರು ಸುತ್ತು ಬರಬೇಕೆಂದು ಕೈಪಿಡಿ ಹೇಳಿತ್ತು. ಭಾನುವಾರ ಚರ್ಚಿನ ಅಂಗಳದಲ್ಲಿ ಮೂರೂ ಸುತ್ತು ಬಂದೆ. ಪಾದ್ರಿಗಳು ಓಡಿ ಬಂದು ಕಿಟಕಿ ತಟ್ಟಿ, "ಜಾಗ ಬೇಕಾದಷ್ಟಿದೆ ಎಲ್ಡನ್, ಎಲ್ಲಾದರೂ ನಿಲ್ಲಿಸಿ," ಎಂದರು. ಮಾರಿಟ್ ಹಿಂದಿನ ಸೀಟಿನಲ್ಲಿ ಎಷ್ಟು ಕೆಳಗೆ ಜಾರಿದ್ದಳೆಂದರೆ, ಉಬ್ಬುಗನ್ನಡಿಯಲ್ಲಿಯೂ ಕಾಣಲಿಲ್ಲ.

ಆದರೆ ಕಿರೀಟದ ಮಣಿ ಬೇರೆಯೇ. ಪುಟ್ಟ ಮನೆಯ ಚಿತ್ರವಿದ್ದ ಗುಂಡಿ! ಗ್ಯಾರೇಜಿನ ಬಾಗಿಲಿನ ಹಳೆಯ ರಿಮೋಟನ್ನು ಅದರ ಹತ್ತಿರ ಹಿಡಿದು ಎರಡನ್ನೂ ಒಟ್ಟಿಗೆ ಒತ್ತಿದರೆ, ಗುಂಡಿ ಆ ಸಂಕೇತವನ್ನು ಕಲಿತುಬಿಡುತ್ತದೆ. ಆಮೇಲೆ ರಿಮೋಟೇ ಬೇಡ. ನಮ್ಮ ರಿಮೋಟೋ, ಇಪ್ಪತ್ತೇಳು ವರ್ಷದ ಮುದಿಯ. ಬಾಗಿಲಿನ ಮುಂದೆಯೇ ನಿಂತು, ಗಾಡಿಯ ಮುಂಗಾಜಿಗೆ ಒತ್ತಿ ಹಿಡಿದು, ಮನಸ್ಸಿನಲ್ಲಿ ಬೇಡಿಕೊಂಡರೆ ಮಾತ್ರ ಕೆಲಸ ಮಾಡುತ್ತಿತ್ತು. ಹೊಸ ಗುಂಡಿಯನ್ನು ಪರೀಕ್ಷಿಸಿದೆ. ಎಂಬತ್ತೈದು ಮೀಟರ್ ದೂರದಿಂದ, ಬೀದಿಯ ತಿರುವಿನಿಂದಲೇ, ಬಾಗಿಲು ಎದ್ದಿತು! ಹತ್ತಕ್ಕೆ ಹತ್ತು ಸಲ!

ಕೈಪಿಡಿಯಲ್ಲಿ ಒಂದು ಎಚ್ಚರಿಕೆಯೂ ಇತ್ತು: ಬಾಗಿಲಿನ ಯಂತ್ರ ಹಳೆಯದಾದರೆ ಅದರೊಳಗಿನ ಒಂಬತ್ತು ಪುಟ್ಟ ಸ್ವಿಚ್ಚುಗಳ ಜೋಡಣೆ ಬದಲಿಸಿಕೊಳ್ಳಿ, ನೆರೆಯವರದ್ದೂ ಅದೇ ಇರಬಹುದು. ನಾನು ಓದದೆ ಬಿಟ್ಟೆನೆಂದು ತಿಳಿಯಬೇಡಿ! ಓದಿದೆ, ಅಡಿಗೆರೆ ಎಳೆದೆ, ಲೆಕ್ಕ ಹಾಕಿದೆ, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: "ಐನೂರ ಹನ್ನೆರಡರಲ್ಲಿ ಒಂದು ಸಾಧ್ಯತೆ. ನಗಣ್ಯ."

ಅಂದಿನಿಂದ ನನ್ನ ದಿನಚರಿ ಒಂದು ಸಂಗೀತ. ಬೆಳಿಗ್ಗೆ, ಯಂತ್ರಕ್ಕೆ ನೇರ ತಂತಿ ಎಳೆದಿರುವ ಗೋಡೆಯ ಗುಂಡಿಯಿಂದ ಬಾಗಿಲು ತೆಗೆದೇ ಎಂಜಿನ್ ಶುರು ಮಾಡುವುದು (ಹೊಗೆ ಒಳಗೆ ತುಂಬಬಾರದು ನೋಡಿ). ಹಿಂದಕ್ಕೆ ಬಂದು, ಏಳು ಹನ್ನೆರಡಕ್ಕೆ ಸರಿಯಾಗಿ ನೆತ್ತಿಯ ಗುಂಡಿ ಒತ್ತಿ ಮುಚ್ಚುವುದು. ಸಂಜೆ ಐದೂ ಇಪ್ಪತ್ತೈದಕ್ಕೆ ತಿರುವಿನಲ್ಲೇ ಒತ್ತಿ, ವೇಗ ತಗ್ಗಿಸದೆ ರಾಜನಂತೆ ಒಳಗೆ ಬರುವುದು. ಒಳಗೆ ಬಂದ ಮೇಲೆ ಮತ್ತೆ ಗೋಡೆಯ ಗುಂಡಿ.

ಮೂರನೆಯ ದಿನ, ಬುಧವಾರ, ಮಾರಿಟ್ ಚರ್ಚಿನ ಅಡುಗೆಮನೆಯಿಂದ ಮುಖ ಸಪ್ಪೆ ಮಾಡಿಕೊಂಡು ಬಂದಳು.

ಇಲ್ಲಿ ಒಂದು ವಿಷಯ ಹೇಳಬೇಕು. ಫೆಬ್ರವರಿಯಲ್ಲಿ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಮಾಂಸದುಂಡೆಯ ಊಟ. ಆರುನೂರು ಉಂಡೆ, ಬೆಟ್ಟದಷ್ಟು ಹಿಸುಕಿದ ಆಲೂಗಡ್ಡೆ. ಅಡುಗೆಮನೆಯ ಒಡತಿ ವರ್ನಾ ಸ್ಕೋಗ್, ಎಪ್ಪತ್ತೊಂಬತ್ತು ವರ್ಷ. ನಮ್ಮ ಮನೆಯ ಬೆನ್ನಿಗೇ ಅವರ ಮನೆ. ಗ್ಯಾರೇಜಿನ ಬಾಗಿಲು ಮಾತ್ರ ಆಚೆ ಬೀದಿಗೆ. ಆ ಅಡುಗೆಮನೆಯಲ್ಲಿ ಮಾರಿಟ್ ಹನ್ನೊಂದು ವರ್ಷಗಳಿಂದ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಹೆಚ್ಚುತ್ತಿದ್ದಾಳೆ. ಹನ್ನೊಂದು ವರ್ಷ! ಈ ವರ್ಷ, ಮೊದಲ ಬಾರಿಗೆ, ಉಂಡೆಗಳನ್ನು ಅವಳ ಕೈಗೆ ಕೊಡುವುದಾಗಿ ವರ್ನಾ ಸೂಚಿಸಿದ್ದರು. ಅಂದಿನಿಂದ ಮಾರಿಟ್ ನಿದ್ದೆಯಲ್ಲಿಯೂ ಅಂಗೈಯಲ್ಲಿ ಉಂಡೆ ಕಟ್ಟುತ್ತಿದ್ದಳು.

"ಎಲ್ಲಾ ಹೋಯ್ತು," ಎಂದಳು ಕೋಟು ಬಿಚ್ಚುತ್ತ. "ವರ್ನಾ ಅವರ ಗ್ಯಾರೇಜಿನ ಬಾಗಿಲು ತಾನಾಗೇ ತೆಗೀತಿದೆಯಂತೆ. ಅವರು ಮುಚ್ತಾರೆ, ಅದು ತೆಗಿಯುತ್ತೆ. ಮೊನ್ನೆ ಅವರು ನೋಡೋ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಊಟಕ್ಕಿಟ್ಟಿದ್ದ ನೂರು ಪೌಂಡ್ ಆಲೂಗಡ್ಡೆ ಕಲ್ಲಾಗಿದೆ."

ಚಳಿಗಾಲದಲ್ಲಿ ನಮ್ಮ ಊರಿನ ಗ್ಯಾರೇಜೆಲ್ಲ ತಂಗಳುಪೆಟ್ಟಿಗೆಯೇ. ಬಾಗಿಲು ಮುಚ್ಚಿದ್ದರೆ ಎರಡು ಡಿಗ್ರಿ. ತೆರೆದರೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.

"ಹೆಪ್ಪುಗಟ್ಟಿದ ಆಲೂಗಡ್ಡೆ ಕರಗಿದ ಮೇಲೆ ಕಪ್ಪಾಗುತ್ತೆ ಮಾರಿಟ್, ಅದರ ಕೋಶಗಳ ಗೋಡೆ—"

"ಅದನ್ನ ಅವರ ಮುಂದೆ ಹೇಳಬೇಡ. ಕಳ್ಳನ ಕಾಟ ಅಂತ ಅವರಿಗೆ ತಲೆ ಕೆಟ್ಟಿದೆ. 'ಇದು ಬಗೆಹರಿಯೋ ತನಕ ಅಡುಗೆಮನೆಯಲ್ಲಿ ಯಾವುದನ್ನೂ ಬದಲಾಯಿಸಲ್ಲ, ಹಳೇ ಕೆಲಸ ಹಳಬರಿಗೆ' ಅಂದ್ಬಿಟ್ರು. ಅಂದ್ರೆ ನಾನು ಮತ್ತೆ ಸೌತೆಕಾಯಿ."

ನನ್ನ ಎದೆ ಉಬ್ಬಿತು. ಹೆಂಡತಿಯ ಕೀರ್ತಿಗೆ ಕುತ್ತು. ಮನೆಯಲ್ಲೇ ಒಬ್ಬ ವಿಜ್ಞಾನಿ!

"ಮಾರಿಟ್, ಆ ಕಳ್ಳನನ್ನ ನಾನು ಹಿಡಿದುಕೊಡ್ತೀನಿ. ನಿನ್ನ ಉಂಡೆ ಗಟ್ಟಿ!"

"ನೀನು ಸುಮ್ಮನಿದ್ರೆ ಇನ್ನೂ ಗಟ್ಟಿ ಮಾರಾಯ."

ಆ ಸಂಜೆಯೇ ವರ್ನಾ ಅವರ ಮನೆಗೆ ನಡೆದೆ. ಅವರು ಗ್ಯಾರೇಜಿನಲ್ಲಿ ಸುತ್ತಿಗೆ ಹಿಡಿದು ಕೂತಿದ್ದರು.

"ಪ್ಲಗ್ ಕಿತ್ತು ಬಿಸಾಕ್ಲಾ ಎಲ್ಡನ್?"

"ಬೇಡ, ಬೇಡ! ಸಾಕ್ಷಿ ನಾಶ ಆಗುತ್ತೆ! ಆಲೂಗಡ್ಡೆ ಹೇಗೂ ಹೋಯ್ತು. ಇನ್ನು ನಮಗೆ ಬೇಕಾದದ್ದು ಅಂಕಿ ಅಂಶ."

ಹೊಸ ನೋಟುಪುಸ್ತಕಕ್ಕೆ ಗೆರೆ ಹಾಕಿಕೊಟ್ಟೆ: ದಿನ, ಗಂಟೆ, ಬಾಗಿಲಿನ ಸ್ಥಿತಿ, ಷರಾ. ಅಷ್ಟೇ ಅಲ್ಲ. ಅವರ ಅಡುಗೆಮನೆಯ ಗಡಿಯಾರ ನಾಲ್ಕು ನಿಮಿಷ ಹಿಂದಿತ್ತು; ಅದನ್ನು ನನ್ನ ವ್ಯಾನಿನ ನೆತ್ತಿಯ ಗಡಿಯಾರಕ್ಕೆ ಸರಿಯಾಗಿ ಹೊಂದಿಸಿದೆ. ಒಂದು ನಿಮಿಷದ ದೋಷವೂ ಇರಬಾರದು! (ಈ ವಾಕ್ಯ ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.)

ಒಂಬತ್ತು ದಿನ ವರ್ನಾ ಬರೆದರು. ಎರಡನೆಯ ಶುಕ್ರವಾರ ಸಂಜೆ ಪುಸ್ತಕ ನನ್ನ ಕೈಗೆ ಬಂತು. ಅಬ್ಬಾ, ಎಂಥ ಅಂಕಿಗಳು! ಇಪ್ಪತ್ತೆರಡು ವರ್ಷದಲ್ಲಿ ನಾನು ಪರೀಕ್ಷಿಸುವ ಸರೋವರದ ನೀರೂ ನನಗೆ ಇಷ್ಟು ಶುದ್ಧವಾದ ಅಂಕಿ ಕೊಟ್ಟಿಲ್ಲ. ಊಟದ ಮೇಜಿನ ಮೇಲೆ ನಕ್ಷೆ ಬರೆದೆ, ಎರಡು ಬಣ್ಣದಲ್ಲಿ.

"ಕೆಲಸದ ದಿನಗಳಲ್ಲೆಲ್ಲ ಏಳು ಹನ್ನೆರಡಕ್ಕೆ ಸರಿಯಾಗಿ ಬರ್ತಾನೆ ಮಾರಿಟ್! ಛೆ, ಆ ಹೊತ್ತಿಗೇ ನಾನು ಕೆಲಸಕ್ಕೆ ಹೊರಟಿರ್ತೀನಿ. ಇಲ್ಲದಿದ್ರೆ ಕೈಯಾರೆ ಹಿಡೀತಿದ್ದೆ."

"ಹೂಂ," ಎಂದಳು ಮಾರಿಟ್. ಅವಳು ಪ್ರಯೋಗಕ್ಕೆಂದು ಉಂಡೆಯ ಮಾಂಸ ಕಲಸುತ್ತಿದ್ದಳು, ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಆ ಒಂದು ಗಳಿಗೆ ಅವಳು ತಿರುಗಿ ನೋಡಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಚರ್ಚಿನ ನೆಲಮಾಳಿಗೆಯಲ್ಲಿ ಅಡುಗೆಯವರ ಸಭೆ. ಏಳು ಜನ ಹೆಂಗಸರು, ದೊಡ್ಡ ಕಾಫಿ ಪಾತ್ರೆ, ಗೋಡೆಗೆ ಅಂಟಿಸಿದ ನನ್ನ ನಕ್ಷೆ. ಕೈಯಲ್ಲಿ ಮರದ ಚಮಚ ಹಿಡಿದು ಮೊದಲು ಮಾಡಿದೆ.

"ಮೊದಲನೆಯದಾಗಿ, ಇವನು ಸಾಮಾನ್ಯ ಕಳ್ಳ ಅಲ್ಲ. ಏನನ್ನೂ ಕದ್ದಿಲ್ಲ. ಎರಡನೆಯದಾಗಿ, ಸೋಮವಾರದಿಂದ ಶುಕ್ರವಾರದ ತನಕ ಏಳು ಹನ್ನೆರಡು, ಮತ್ತೆ ಐದೂ ಇಪ್ಪತ್ತೈದು. ಹೆಚ್ಚೆಂದರೆ ಒಂದು ನಿಮಿಷ ಆಚೀಚೆ. ಅಂದರೆ ಇವನಿಗೆ ನೌಕರಿ ಇದೆ. ಖಾಯಂ ನೌಕರಿ."

ಹೆಂಗಸರು ತಲೆದೂಗಿದರು. ವರ್ನಾ ಕನ್ನಡಕ ಏರಿಸಿಕೊಂಡರು.

"ಮೂರನೆಯದಾಗಿ, ತುಂಬಾ ಶಿಸ್ತಿನ ಮನುಷ್ಯ. ವಿದ್ಯಾವಂತ. ನಿಜ ಹೇಳ್ತೀನಿ, ಅವನ ಬಗ್ಗೆ ನನಗೊಂದು ಥರ ಗೌರವವೇ ಬಂದಿದೆ!"

ಮೂಲೆಯಲ್ಲಿ ಮಾರಿಟ್ ಕಾಫಿ ಲೋಟವನ್ನು ಬಾಯಿಯ ಹತ್ತಿರ ಒಯ್ದವಳು ಅಲ್ಲಿಯೇ ನಿಲ್ಲಿಸಿದಳು. ಕಣ್ಣು ದೊಡ್ಡದಾಯಿತು. ಮೆಲ್ಲಗೆ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸತೊಡಗಿದಳು. ಪಾಪ, ಗಂಡನ ಪ್ರತಿಭೆಗೆ ಬೆರಗಾಗಿದ್ದಾಳೆ ಎಂದುಕೊಂಡೆ.

"ನಾಲ್ಕನೆಯದು ಸ್ವಲ್ಪ ಸೂಕ್ಷ್ಮ. ಭಾನುವಾರ ಒಂಬತ್ತು ಮೂವತ್ತೆಂಟು. ವರ್ನಾ ಕೋಟು ಹಾಕ್ಕೊಳ್ತಿದ್ದಾಗ. ಆ ಹೊತ್ತಿಗೆ ಮನೆ ಬಿಡೋರು ಯಾರು? ಚರ್ಚಿಗೆ ಹೊರಟವರು!" ಚಮಚವನ್ನು ಗಾಳಿಯಲ್ಲಿ ಎತ್ತಿದೆ. "ಸೋದರಿಯರೇ, ಅವನು ನಮ್ಮಲ್ಲೇ ಒಬ್ಬ!"

"ಅಯ್ಯೋ ದೇವರೇ!" ಎಂದರು ಲವೋನ್. ಅವರು ಆಲೂಗಡ್ಡೆ ವಿಭಾಗದ ಮುಖ್ಯಸ್ಥೆ, ನಷ್ಟ ಅವರದ್ದು.

"ಎಲ್ಡನ್," ಎಂದಳು ಮಾರಿಟ್, "ಸಾಕು. ಕೂತ್ಕೋ."

"ಮುಗೀತು ಬಂದೆ. ಒಂದೇ ಒಂದು ಅಂಕಿ ಮಾತ್ರ ಸಾಲು ತಪ್ಪಿದೆ. ಮೊದಲ ಗುರುವಾರ ಸಂಜೆ ಆರೂ ಇಪ್ಪತ್ತು. ಆ ದಿನ ಅವನು ಕೆಲಸ ಮುಗಿಸಿ ಎಲ್ಲೋ ಹೋಗಿದ್ದಾನೆ. ಎಲ್ಲಿಗೆ ಅಂತ ಗೊತ್ತಾದ್ರೆ ಕಳ್ಳ ಸಿಕ್ಕಿದ ಹಾಗೆ."

ಸಭೆ ಯೋಚನೆಗೆ ಬಿತ್ತು. ಲವೋನ್ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಅಂದರು:

"ಅಂದ ಹಾಗೆ ಎಲ್ಡನ್, ಕ್ಷೌರ ಚೆನ್ನಾಗಿ ಮಾಡಿದಾನೆ. ಯಾವಾಗ ಮಾಡಿಸಿದ್ದು?"

"ಥ್ಯಾಂಕ್ಸ್ ಲವೋನ್. ಹೋದ ವಾರ ಗುರುವಾರ, ಕೆಲಸ ಮುಗಿಸಿ..."

ಕಾಫಿ ಪಾತ್ರೆ ಗುಳುಗುಳು ಎಂದಿತು. ನಾನು ತಿರುಗಿ ನನ್ನ ನಕ್ಷೆ ನೋಡಿದೆ. ಏಳು ಹನ್ನೆರಡು. ಐದೂ ಇಪ್ಪತ್ತೈದು. ಎರಡು ಬಣ್ಣದಲ್ಲಿ ನಾನೇ ಕೈಯಾರೆ ಬರೆದ ನನ್ನ ಭಾವಚಿತ್ರ! ಚಮಚ ಮೆಲ್ಲಗೆ ಕೆಳಗಿಳಿಯಿತು. ನನ್ನ ನೆತ್ತಿಯ ಗುಂಡಿಯ ಕಥೆಯನ್ನು ಮಾರಿಟಳೇ ಸಭೆಗೆ ಹೇಳಿದಳು.

"ವಿಜ್ಞಾನಿ ಅಲ್ವಾ ನೀನು?" ಎಂದು ವರ್ನಾ ಎದ್ದರು. "ನಡಿ, ಪರೀಕ್ಷೆ ಮಾಡೇಬಿಡೋಣ."

ಏಳು ಹೆಂಗಸರು ಕೋಟು ತೊಟ್ಟು ವರ್ನಾ ಅವರ ಬೀದಿಯಲ್ಲಿ ಸಾಲಾಗಿ ನಿಂತರು. ನಾನೊಬ್ಬನೇ ನಮ್ಮ ಬೀದಿಯಲ್ಲಿ, ವ್ಯಾನಿನಲ್ಲಿ. ಗುಂಡಿಗೆ ಬೆರಳು ತಾಗಿಸುವಾಗ ಜೀವನದಲ್ಲಿ ಮೊದಲ ಸಲ ಒಂದು ಪ್ರಯೋಗ ವಿಫಲವಾಗಲೆಂದು ಹಾರೈಸಿದೆ. ಒತ್ತಿದೆ. ನಮ್ಮ ಬಾಗಿಲು ಎದ್ದಿತು. ಮರುಕ್ಷಣ, ಹಿಮ ಹೊತ್ತ ಚಾವಣಿಗಳ ಆಚೆಯಿಂದ, ಏಳು ಕಂಠಗಳ ಜಯಘೋಷ ಕೇಳಿಬಂತು. ಮಾರಿಟಳ ಧ್ವನಿ ಎಲ್ಲಕ್ಕಿಂತ ಜೋರಾಗಿತ್ತು.

ಏಣಿ ಹಾಕಿ ಎರಡೂ ಯಂತ್ರಗಳ ಮುಚ್ಚಳ ತೆಗೆದೆ. ಒಂಬತ್ತು ಪುಟ್ಟ ಸ್ವಿಚ್ಚುಗಳು, ಎರಡರಲ್ಲಿಯೂ ಒಂದೇ ಜೋಡಣೆ. "ಐನೂರ ಹನ್ನೆರಡರಲ್ಲಿ ಒಂದು!" ಎಂದು ಏಣಿಯ ಮೇಲಿಂದಲೇ ಕೂಗಿದೆ.

"ಇಪ್ಪತ್ತೇಳು ವರ್ಷದ ಹಿಂದೆ ಎರಡೂ ಮನೆಗೆ ನಮ್ಮ ಕ್ಲಿಫರ್ಡೇ ಹಾಕಿದ್ದು," ಎಂದರು ವರ್ನಾ, ತೀರಿಹೋದ ಗಂಡನನ್ನು ನೆನೆದು. "ಎಲ್ಲ ಕಡೆ ಒಂದೇ ಥರ ಇಟ್ರೆ ನೆನಪಿಟ್ಕೊಳ್ಳೋದು ಸುಲಭ ಅಂತಿದ್ದ. ನಿನ್ನ ಹಳೇ ರಿಮೋಟಿಗೆ ಶಕ್ತಿ ಇರಲಿಲ್ಲ, ಅದಕ್ಕೆ ಇಷ್ಟು ದಿನ ಬಚಾವ್." ಅವರು ಏಣಿಯನ್ನು ಭದ್ರವಾಗಿ ಹಿಡಿದೇ ಇದ್ದರು. "ನಿನ್ನ ಲೆಕ್ಕ ಸರಿ ಎಲ್ಡನ್. ಆದ್ರೆ ಕ್ಲಿಫರ್ಡ್ ಲೆಕ್ಕ ನೋಡಿ ಕೆಲಸ ಮಾಡ್ತಿರಲಿಲ್ಲ."

ನಾನು ಏಣಿಯಿಂದ ಇಳಿದೆ. ಹೊಸ ಆಲೂಗಡ್ಡೆ ನಾನೇ ತಂದುಕೊಡುತ್ತೇನೆ ಎಂದೆ. ಉಂಡೆಗಳ ವಿಷಯ ಎತ್ತಲು ಬಾಯಿ ಬರಲಿಲ್ಲ. ಮಾರಿಟ್ ಹಿಮ ನೋಡುತ್ತ ನಿಂತಿದ್ದಳು, ಜಯಘೋಷವೆಲ್ಲ ಇಳಿದುಹೋಗಿತ್ತು.

ವರ್ನಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅವಳನ್ನು.

"ಮಾರಿಟ್, ಇವನ ಜೊತೆ ಎಷ್ಟು ವರ್ಷ ಆಯ್ತು?"

"ಹತ್ತೊಂಬತ್ತು."

"ಹಾಗಾದ್ರೆ ಆರುನೂರು ಉಂಡೆ ನಿನಗೊಂದು ಲೆಕ್ಕವಾ? ಉಂಡೆ ನಿಂದು." ಮತ್ತೆ ನನ್ನ ಕಡೆಗೆ: "ಸೌತೆಕಾಯಿ ಜಾಗ ಖಾಲಿ ಆಯ್ತು. ಸೋಮವಾರದಿಂದ ಬಾ."

ಊಟದ ದಿನ ಬಂತು. ಎರಡು ಮನೆಯ ಸ್ವಿಚ್ಚುಗಳೂ ಈಗ ಬೇರೆ ಬೇರೆ. ನೆತ್ತಿಯ ಗುಂಡಿ ನನ್ನ ಬಾಗಿಲೊಂದನ್ನೇ ತೆಗೆಯುತ್ತದೆ. ಅದರ ಮೇಲೆ ಮಾರಿಟ್ ನನ್ನ ಪ್ರಯೋಗಾಲಯದ ಚೀಟಿಯೊಂದನ್ನು ಅಂಟಿಸಿದ್ದಾಳೆ: "ಏನು: ಗುಂಡಿ. ಯಾರು: ನೀನು. ಒತ್ತುವ ಮುಂಚೆ: ಯೋಚಿಸು."

ಮಾರಿಟ್ ಒಲೆಯ ಮುಂದೆ ಸೇನಾಪತಿಯಂತೆ ನಿಂತು ಆರುನೂರು ಉಂಡೆಗಳನ್ನು ಬಡಿಸಿದಳು, ಒಂದೂ ಒಡೆಯಲಿಲ್ಲ. ಜನ ಎರಡೆರಡು ಸಲ ಸಾಲು ನಿಂತರು. ನಾನು ಮೂಲೆಯಲ್ಲಿ ಏಪ್ರನ್ ಕಟ್ಟಿಕೊಂಡು ಎಂಟುನೂರ ನಲವತ್ತು ಸೌತೆಬಿಲ್ಲೆ ಹೆಚ್ಚಿದೆ, ಒಂದೊಂದೂ ಆರು ಮಿಲಿಮೀಟರ್. ವರ್ನಾ ಬಂದು ಒಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿ, "ಅಷ್ಟೇನೂ ಕೆಟ್ಟದಾಗಿಲ್ಲ," ಎಂದರು. ನಮ್ಮ ಊರಿನಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ! ಹೆಮ್ಮೆಯಿಂದ ನನ್ನ ಏಪ್ರನ್ನಿನ ಗಂಟು ಬಿಗಿಯಾಯಿತು.

ಅಷ್ಟರಲ್ಲಿ ಜೋರಾಗಿ ಗಾಳಿ ಬೀಸಿತು. ನೆಲಮಾಳಿಗೆಯ ಹೊರಬಾಗಿಲು ತಾನಾಗೇ ದಢಾರನೆ ತೆರೆದುಕೊಂಡು, ಹಿಮದ ಚಳಿ ಒಳಗೆ ನುಗ್ಗಿತು.

ಏಳು ಹೆಂಗಸರಲ್ಲಿ ಒಬ್ಬರೂ ಬಾಗಿಲಿನ ಕಡೆ ನೋಡಲಿಲ್ಲ. ಎಲ್ಲರೂ ನನ್ನ ಕಡೆಗೇ ನೋಡಿದರು.