ಇಪ್ಪತ್ತಮೂರು ಬಾಗಿಲುಗಳ ಪುಸ್ತಕ

ನೀಲಿ ರಟ್ಟಿನ ಆ ಚಿಕ್ಕ ಪುಸ್ತಕವನ್ನು ಮೀಟರಣ್ಣ ಮೂರು ವರ್ಷದಲ್ಲಿ ಒಮ್ಮೆಯೂ ಎದೆಯ ಜೇಬಿನಿಂದ ದೂರವಿಟ್ಟವನಲ್ಲ. ಆ ಸೋಮವಾರ ಬೆಳಿಗ್ಗೆ ಮಾತ್ರ, ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದಂತೆಯೇ ಹೊಟ್ಟೆ ಹೇಳದೆ ಕೇಳದೆ ತಿರುಗಿಬಿದ್ದಿತು. ಪೆನ್ನಿನ ಮುಚ್ಚಳ ಕೂಡ ಹಾಕದೆ, ಮನೆಗೆ ಬೆಂಕಿ ಬಿದ್ದವನ ಹಾಗೆ ರಸ್ತೆ ದಾಟಿ ಓಡಿದ. ಪೆನ್ನು ಹುಡುಕುವಾಗ ಜೇಬಿನಿಂದ ತೆಗೆದಿಟ್ಟಿದ್ದ ನೀಲಿ ಪುಸ್ತಕ ಹೆಡ್‌ಕ್ಲರ್ಕರ ಮೇಜಿನ ಮೇಲೆಯೇ ಉಳಿಯಿತು.

ನೀರು ಸರಬರಾಜು ಕಚೇರಿಯಲ್ಲಿ ಅವನದು ಮನೆಮನೆಯ ಮೀಟರು ನೋಡಿ ಅಂಕಿ ಬರೆದುಕೊಂಡು ಬರುವ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ಮೀಟರಣ್ಣ. ಬಿಸಿಲಿರಲಿ, ಮಳೆಯಿರಲಿ, ಸಹಿ ಬಿದ್ದದ್ದೇ ತಡ ಬೀದಿಗಿಳಿಯುತ್ತಿದ್ದ. ಎಂಥ ನಿಯತ್ತಿನ ಮನುಷ್ಯ ಎಂದು ಸಾಹೇಬರು ಹೊಗಳುತ್ತಿದ್ದರು. ನಿಯತ್ತೂ ಇತ್ತು, ಇಲ್ಲವೆಂದಲ್ಲ. ಆದರೆ ಅದಕ್ಕಿಂತ ಮುಖ್ಯವಾಗಿ ಅವನ ಕರುಳಿನಲ್ಲಿ ಕ್ರೋನ್ಸ್ ಎಂಬ ಕಾಯಿಲೆಯಿತ್ತು. ಯಾವ ಗಳಿಗೆಯಲ್ಲಿ ಶೌಚಾಲಯ ಬೇಕಾಗುತ್ತದೆಂದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಕಚೇರಿಯಲ್ಲಿದ್ದ ಒಂದೇ ಒಂದು ಶೌಚಾಲಯದ ಬಾಗಿಲಿಗೆ ನಾಲ್ಕು ತಿಂಗಳಿಂದ ‘ದುರಸ್ತಿಯಲ್ಲಿದೆ’ ಎಂಬ ಹಾಳೆ ಅಂಟಿಸಿತ್ತು. ಆ ಹಾಳೆಯ ಮೂಲೆಯಲ್ಲಿ ಜೇಡವೊಂದು ಸಂಸಾರ ಹೂಡಿ ಮೊಮ್ಮಕ್ಕಳನ್ನೂ ಕಂಡಿತ್ತು. ಉಳಿದವರು ಊಟದ ಹೊತ್ತಿನಲ್ಲಿ ಬಸ್ ನಿಲ್ದಾಣದವರೆಗೆ ನಡೆದುಹೋಗಿ ಬರುತ್ತಿದ್ದರು. ಸಾಹೇಬರು ಮನೆಗೇ ಹೋಗುತ್ತಿದ್ದುದರಿಂದ ಆ ಹಾಳೆ ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ.

ಮೀಟರಣ್ಣನ ಹೊಟ್ಟೆಗೆ ಬಸ್ ನಿಲ್ದಾಣ ಎಂದರೆ ಬೇರೆ ದೇಶ. ಬೀದಿಯಲ್ಲಾದರೆ ಇಪ್ಪತ್ತಮೂರು ಬಾಗಿಲು ಅವನಿಗಾಗಿ ತೆರೆದಿದ್ದವು. ಮೂರು ವರ್ಷ ಮೀಟರಿನ ನೆಪದಲ್ಲಿ ಕ್ಷೇಮ ವಿಚಾರಿಸಿ, ಸೋರುವ ನಲ್ಲಿ ಸರಿಮಾಡಿಕೊಟ್ಟು ಸಂಪಾದಿಸಿದ ಬಾಗಿಲುಗಳು. ಅವೆಲ್ಲ ಇದ್ದದ್ದು ಆ ನೀಲಿ ಪುಸ್ತಕದಲ್ಲಿ. ಕಾಯಿಲೆಯ ಸುದ್ದಿ ಗೊತ್ತಾದರೆ ಎಲ್ಲಿ ಬೀದಿ ತಪ್ಪಿಸಿ ಒಳಗೆ ಕೂರಿಸುತ್ತಾರೋ ಎಂಬ ಭಯಕ್ಕೆ ಅವನು ಕಚೇರಿಯಲ್ಲಿ ಬರೀ ಗ್ಯಾಸ್ ಎಂದು ಹೇಳಿಕೊಂಡಿದ್ದ.

ಹಗುರಾಗಿ ತಿರುಗಿ ಬಂದಾಗ ಹೆಡ್‌ಕ್ಲರ್ಕರ ಮೇಜಿನ ಸುತ್ತ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಜನ. ಹೆಡ್‌ಕ್ಲರ್ಕರು ಕನ್ನಡಕ ಮೂಗಿನ ತುದಿಗಿಳಿಸಿ ಓದುತ್ತಿದ್ದರು.

“ಒಂದು. ಕಚೇರಿ ಎದುರು, ನೀಲಿ ಗೇಟು. ಅಜ್ಜಿ ಒಬ್ಬರೇ. ಕಿವಿ ಮಂದ. ಹಿಂಬಾಗಿಲಿಗೆ ಚಿಲಕವಿಲ್ಲ. ಏಳು. ದರ್ಜಿ ಅಂಗಡಿ ಹಿಂದೆ. ನಾಯಿ ಇದೆ, ಬಿಸ್ಕತ್ತು ಒಯ್ಯಬೇಕು. ಹತ್ತೊಂಬತ್ತು. ಇನ್ನು ಹೋಗಬಾರದು, ಕಳೆದ ಸಲ ಒಳಗೇ ಸಿಕ್ಕಿಹಾಕಿಕೊಂಡಿದ್ದೆ.”

ಮೀಟರಣ್ಣನ ಕಾಲು ಹೊಸ್ತಿಲಲ್ಲೇ ನೆಟ್ಟುಹೋಯಿತು.

ಇವನು ಮನೆ ನುಗ್ಗುವ ಕಳ್ಳನೇ ಎಂದು ಹೆಡ್‌ಕ್ಲರ್ಕರು ತೀರ್ಪು ಕೊಟ್ಟರು. ಟೈಪಿಸ್ಟ್ ಅಕ್ಕ ಒಪ್ಪಲಿಲ್ಲ. ಹದಿನಾಲ್ಕನೆಯದನ್ನು ಓದಿ, ಇದು ಕಳ್ಳತನವಲ್ಲ, ಬೇರೆ ವಿಷಯ ಎಂದರು. ಗಲಾಟೆ ಕೇಳಿ ಹೊರಗೆ ಬಂದ ಸಾಹೇಬರು ಪುಸ್ತಕ ತೆಗೆದುಕೊಂಡು ತಾವೇ ಓದಿದರು.

“ಹದಿನಾಲ್ಕು. ಮೂಲೆಯ ಹಳದಿ ಮನೆ, ಗೇಟಿನ ಪಕ್ಕ ಗಿಳಿಯ ಪಂಜರ. ಯಜಮಾನರು ಕೆಲಸಕ್ಕೆ ಹೋದ ಮೇಲೆ ಹೋಗುವುದು ಉತ್ತಮ. ಅಮ್ಮನವರು ಬಹಳ ಒಳ್ಳೆಯವರು. ಏನೂ ಕೇಳುವುದಿಲ್ಲ.”

ಓದುತ್ತ ಓದುತ್ತ ಸಾಹೇಬರ ದನಿ ಸಣ್ಣದಾಯಿತು. ಆಮೇಲೆ ಮುಖ ಕೆಂಪಾಯಿತು.

“ರೀ, ಇದು ನನ್ನ ಮನೆ,” ಎಂದರು.

ಮೀಟರಣ್ಣ ಬಾಯಿ ತೆರೆಯುವ ಮೊದಲೇ ಸಾಹೇಬರು ಮನೆಗೆ ಫೋನು ಹಚ್ಚಿದರು. ಫೋನಿನ ದನಿ ದೊಡ್ಡದಿತ್ತು. ಅಮ್ಮನವರ ದನಿ ಇನ್ನೂ ದೊಡ್ಡದಿತ್ತು.

“ಓ, ಆ ಮೀಟರಿನವರಾ? ಪಾಪ, ಬರ್ತಾರೆ, ಬಾತ್‌ರೂಮಿಗೆ ಹೋಗ್ತಾರೆ, ಕೈ ಮುಗಿದು ಹೋಗ್ತಾರೆ. ನಿಮಗಿಂತ ಸ್ವಚ್ಛವಾಗಿ ತೊಳೆದಿಟ್ಟು ಹೋಗ್ತಾರೆ ಕಣ್ರೀ.”

ಸಾಹೇಬರು ಫೋನು ಮೆಲ್ಲಗೆ ಕೆಳಗಿಟ್ಟರು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮೀಟರಣ್ಣ ಹೇಳಿಬಿಟ್ಟ.

“ಸಾರ್, ರೋಗಾಣು ಬಂದರೆ ಓಡಿಸೋಕೆ ಅಂತ ಮೈಯೊಳಗೊಬ್ಬ ಕಾವಲುಗಾರ ಇರ್ತಾನಲ್ಲ, ನನ್ನವನಿಗೆ ತಲೆ ಕೆಟ್ಟಿದೆ. ಕಳ್ಳನ್ನ ಬಿಟ್ಟು ಯಜಮಾನನಿಗೇ ದೊಣ್ಣೆ ಬೀಸ್ತಾನೆ. ಕರುಳು ಊದಿಕೊಂಡು ಹುಣ್ಣಾಗುತ್ತೆ. ಅದೇ ಕ್ರೋನ್ಸ್ ಕಾಯಿಲೆ.”

ಟೈಪಿಸ್ಟ್ ಅಕ್ಕ ಒಂದು ಹೆಜ್ಜೆ ಹಿಂದೆ ಸರಿದರು. “ಅಂಟುತ್ತಾ?”

“ಇಲ್ಲ ಅಕ್ಕಾ. ಅಂಟೋದಾಗಿದ್ರೆ ಮೂರು ವರ್ಷದಿಂದ ಬೆಳಿಗ್ಗೆ ಸಹಿಗೆ ನಿಮ್ಮ ಪೆನ್ನೇ ತಗೊಂಡು ಬಾಯಲ್ಲಿ ಕಚ್ಚಿಕೊಂಡಿರ್ತೀನಲ್ಲ, ನಿಮಗೇನಾಗಿದೆ?”

ಅಕ್ಕನಿಗೆ ಕಾಯಿಲೆಯ ಭಯ ಹೋಯಿತು. ಪೆನ್ನನ್ನು ಮಾತ್ರ ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದರು.

ಆಮೇಲೆ ಪ್ರಶ್ನೆಗಳ ಸುರಿಮಳೆ. ಖಾರ ತಿಂದು ಬಂತೇ ಎಂದರು ಒಬ್ಬರು. ಅಲ್ಲ, ಯಾಕೆ ಬರುತ್ತದೆಂದು ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ ಎಂದ. ವಾಸಿಯಾಗುವುದಿಲ್ಲವೇ ಎಂದರು ಇನ್ನೊಬ್ಬರು. ಬುಡಸಮೇತ ಹೋಗುವುದಿಲ್ಲ, ಆದರೆ ಮಲಗಿಸಿ ಇಡಬಹುದು ಎಂದ. ಮೊದಲು ಊತ ಇಳಿಸಲು ಸ್ವಲ್ಪ ಕಾಲ ಮಾತ್ರೆ ಕೊಟ್ಟರಂತೆ. ಆಮೇಲೆ ಕಾವಲುಗಾರನ ಕೋಪ ತಣಿಸುವ ಮಾತ್ರೆ. ಅದೂ ಸಾಲದಾದಾಗ ಎರಡು ವಾರಕ್ಕೊಂದು ಸೂಜಿ. ಅದನ್ನು ಫ್ರಿಜ್ಜಿನಲ್ಲಿ ಇಡಬೇಕು. ಹೆಂಡತಿಯೇ ತೊಡೆಗೆ ಚುಚ್ಚುತ್ತಾಳೆ, ಜಗಳವಾಡಿದ ದಿನ ಸ್ವಲ್ಪ ಜೋರಾಗಿ. ಸಿಗರೇಟು ಬಿಡಿಸಿದ್ದಾರೆ. ತಿಂಗಳುಗಟ್ಟಲೆ ಏನೂ ಇರುವುದಿಲ್ಲ, ಮತ್ತೆ ಒಂದು ದಿನ ಕೆರಳುತ್ತದೆ. ಚೆನ್ನಾಗಿದ್ದೇನೆಂದು ಔಷಧಿ ಬಿಟ್ಟರೆ ಕೆಟ್ಟೆ ಎಂದು ಡಾಕ್ಟರಮ್ಮ ಬೆರಳು ತೋರಿಸಿ ಹೇಳಿದ್ದಾರೆ.

ಹೆಡ್‌ಕ್ಲರ್ಕರು ಸುಮ್ಮನಿರುವವರಲ್ಲ. ದಿನಾ ಒಂದು ಬುಟ್ಟಿ ಹಸಿ ಸೊಪ್ಪು ತಿಂದರೆ ಹೊಟ್ಟೆ ಕನ್ನಡಿಯಾಗುತ್ತದೆ ಎಂದರು. ಕೆರಳಿದ ಕರುಳಿಗೆ ಹಸಿ ಸೊಪ್ಪು ಎಂದರೆ ಗಾಯಕ್ಕೆ ಬ್ರಷ್ ಉಜ್ಜಿದಂತೆ. ಯಾರಾದರೂ ಹೀಗೆ ಹೇಳಿದರೆ ತಲೆಯಾಡಿಸಿ, ತಿನ್ನಬೇಡಿ ಎಂದು ಡಾಕ್ಟರಮ್ಮ ಮೊದಲೇ ಕಲಿಸಿದ್ದರು. ತಲೆಯಾಡಿಸಿದ.

ಸಾಹೇಬರು ಕಣ್ಣೊರೆಸಿಕೊಂಡರು. ಹೆಂಡತಿಯನ್ನು ಅನುಮಾನಿಸಿದ ಪಾಪವನ್ನು ಅಲ್ಲಿಯೇ ತೊಳೆದುಕೊಳ್ಳಬೇಕಿತ್ತು ಅವರಿಗೆ.

“ಇಂಥ ಕಾಯಿಲೆ ಇಟ್ಕೊಂಡು ಮನೆಮನೆ ಅಲೀತೀರಾ? ಸಾಕು. ಈ ಗಳಿಗೆಯಿಂದಲೇ ನೀವು ಒಳಗೆ ಕೂತು ಕೆಲಸ ಮಾಡಿ.”

“ಸಾರ್, ಬೇಡ ಸಾರ್. ನನಗೆ ಬೀದಿಯೇ...”

“ನೋಡಿ, ಈಗಲೂ ಕೆಲಸದ್ದೇ ಚಿಂತೆ,” ಎಂದರು ಸಾಹೇಬರು ಎಲ್ಲರ ಕಡೆ ತಿರುಗಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ ಅವನ ಮಾತು ಮುಳುಗಿಹೋಯಿತು. ಸಾಹೇಬರು ಊಟದ ಹೊತ್ತಿಗೆ ಮುಂಚೆಯೇ ಮನೆಗೆ ಹೊರಟೇಬಿಟ್ಟರು.

ಬೀದಿಯ ಕೆಲಸಕ್ಕೆ ಹೆಡ್‌ಕ್ಲರ್ಕರೇ ಮುಂದೆ ಬಂದರು. ಅವರಿಗೆ ಸಕ್ಕರೆ ಕಾಯಿಲೆ, ಗಂಟೆಗೊಮ್ಮೆ ಮೂತ್ರಕ್ಕೆ ಏಳಲೇಬೇಕು. ನೀಲಿ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಳಿಸಿ, ಏಳನೇ ಬಾಗಿಲಿನ ನಾಯಿಗೆಂದು ಒಂದು ಪೊಟ್ಟಣ ಬಿಸ್ಕತ್ತನ್ನೂ ತೆಗೆದುಕೊಂಡು ಮದುವಣಿಗನ ಗತ್ತಿನಲ್ಲಿ ಹೊರಟರು. ಅವರ ಮೆತ್ತೆ ಹಾಕಿದ ಕುರ್ಚಿಯಲ್ಲಿ ಮೀಟರಣ್ಣ ಮುಳ್ಳಿನ ಮೇಲೆ ಕೂತಂತೆ ಕೂತ.

ಮೂರು ಗಂಟೆಗೆ ಒಳಗಿನ ಕಾವಲುಗಾರ ದೊಣ್ಣೆ ಎತ್ತಿದ. ಮೀಟರಣ್ಣ ಎದ್ದ. ನೋಡಿದರೆ ಕಚೇರಿ ಖಾಲಿ. ಎಲ್ಲರೂ ಎಲ್ಲಿಗೆ ಹೋದರೆಂದು ಯೋಚಿಸಲೂ ಪುರಸೊತ್ತಿರಲಿಲ್ಲ. ಒಂದನೇ ಬಾಗಿಲಾದರೂ ಇದೆಯಲ್ಲ, ಬರೀ ರಸ್ತೆ ದಾಟಿದರಾಯಿತು. ಓಡಿದ. ನೀಲಿ ಗೇಟು ತಳ್ಳಿ ಹಿತ್ತಲಿಗೆ ತಿರುಗಿದ.

ಚಿಲಕವಿಲ್ಲದ ಹಿಂಬಾಗಿಲಿಂದ ಬಟ್ಟೆ ಒಣಹಾಕುವ ತಂತಿಯವರೆಗೆ ಇಡೀ ಕಚೇರಿ ಸಾಲಾಗಿ ನಿಂತಿತ್ತು. ನಾಲ್ಕು ತಿಂಗಳು ಬಸ್ ನಿಲ್ದಾಣಕ್ಕೆ ನಡೆದವರ ಮುಖದಲ್ಲೆಲ್ಲ ಹಬ್ಬ. ಕಿವಿ ಮಂದದ ಅಜ್ಜಿ ಕುರ್ಚಿ ಹಾಕಿಕೊಂಡು, ಇಷ್ಟೊಂದು ಜನ ತನ್ನ ಯೋಗಕ್ಷೇಮ ಕೇಳಲು ಬಂದಿದ್ದಾರೆಂದು ಎಲ್ಲರಿಗೂ ನಗುತ್ತಿದ್ದರು.

ಸಾಲಿನ ತುದಿಯಲ್ಲಿದ್ದ ಟೈಪಿಸ್ಟ್ ಅಕ್ಕ ತಿರುಗಿ ನೋಡಿದರು. ಬೆವರಿಳಿಯುತ್ತಿದ್ದ ಅವನ ಮುಖ ಕಂಡು ಅವರ ಕರುಳು ಚುರುಕ್ಕೆಂದಿತು.

“ಅಯ್ಯೋ, ಕಾಯಿಲೆಯ ಮನುಷ್ಯ, ಕೊನೇಲಿ ನಿಲ್ಲಿಸೋಕೆ ನಮಗೆ ಮನಸ್ಸು ಬರುತ್ತಾ?” ಎಂದು ತಾವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. “ಬಾ ಮೀಟರಣ್ಣ, ನನ್ನ ಮುಂದೆ ನಿಂತ್ಕೋ. ನಿನ್ನ ಸರದಿ ಎಂಟನೇದಲ್ಲ, ಏಳನೇದು.”