ಅರವತ್ತು ಸಾವಿರದ ಗಾಲಿಮನಿ

ಕೆಲವರ ಹಣೆಬರಹದಲ್ಲಿ ಹೊಲ ಇರುತ್ತದೆ, ಕೆಲವರದರಲ್ಲಿ ನೌಕರಿ ಇರುತ್ತದೆ. ನನ್ನ ಹಣೆಯ ಮೇಲೆ ದೇವರು ‘ಇಂವ ಸುಮ್ಮನೆ ಕೂಡುವುದಿಲ್ಲ’ ಎಂದಷ್ಟೇ ಬರೆದು ಪೆನ್ನು ಕಿಸೆಯಲ್ಲಿ ಇಟ್ಟುಕೊಂಡಿದ್ದಾನೆ. ಹಿಂಗಾಗಿ ನಾನು ಯಾವ ಕೆಲಸಕ್ಕೆ ಕೈ ಹಾಕಿದರೂ ಅದರ ಬೆನ್ನಿಗೆ ಜನ ನಗುವಂಥದ್ದು ಏನಾದರೊಂದು ಆಗಿಯೇ ತೀರುತ್ತದೆ. ಕೆಲಸ ಮಾತ್ರ ಇಲ್ಲಿಯವರೆಗೆ ಒಂದೂ ಕೆಟ್ಟಿಲ್ಲ. ಇದನ್ನು ಮೊದಲೇ ಹೇಳಿ ಇಟ್ಟಿರುತ್ತೇನೆ. ಕಡೆತನಕ ಓದಿದವರು ಬೇರೇನಾದರೂ ಅಂದಾರು!

ಕಿವಿಯ ಮೇಲಿನ ಪೆನ್ಸಿಲ್

ನಮ್ಮೂರು ಹುನಗುಂದ ತಾಲೂಕಿನ ರಾಮಥಾಳ. ಹೊಲದಲ್ಲಿನ ಹನಿ ನೀರಾವರಿ ಪೈಪು ರಿಪೇರಿ ಮಾಡುವುದು ನನ್ನ ಕಸುಬು. ಸುತ್ತ ಹತ್ತು ಹಳ್ಳಿಯಲ್ಲಿ ಪೈಪಿಗೆ ಎಲ್ಲಿ ತೂತು ಬಿದ್ದರೂ ಮೊದಲು ನೆನಪಾಗುವುದು ನಾನು. ಆಮೇಲೆ ದೇವರು.

ಅವ್ವನ ಅಣ್ಣ, ಅಂದರೆ ನನ್ನ ಸೋದರಮಾವ, ಇಳಕಲ್ಲಿನಲ್ಲಿದ್ದಾನೆ. ಬಸ್ ಕಂಡಕ್ಟರ್ ಆಗಿ ರಿಟೈರ್ ಆದ ಮನುಷ್ಯ. ಸಮವಸ್ತ್ರ ಹೋಯಿತು, ಕಿವಿಯ ಮೇಲಿನ ಪೆನ್ಸಿಲ್ ಹೋಗಲಿಲ್ಲ. ಸರ್ವಿಸಿನಲ್ಲಿದ್ದಾಗ ಚಿಲ್ಲರೆ ಇಲ್ಲವೆಂದು ಸ್ವಂತ ಬೀಗರನ್ನೇ ಬಸ್ಸಿನಿಂದ ಇಳಿಸಿದ್ದ.

ಒಂದು ದಿನ ಅವನ ಮನೆಯಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ತೋರಿಸಿದೆ. ಯಾರೋ ಗಂಡಹೆಂಡತಿ ಕಾರಿನ ಹಿಂದೆ ಒಂದು ಸಣ್ಣ ಮನೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಒಳಗೆ ಹಾಸಿಗೆ, ಒಲೆ, ಕಪಾಟು ಎಲ್ಲಾ ಇತ್ತು. ಬೆಲೆ ನಾಲ್ಕು ಲಕ್ಷ ಎಂದು ಬಂತು.

“ಇದಕ್ಕ ನಾಕ್ ಲಕ್ಷ ಏನ್ ಮಾವಾ? ನಾ ಅರವತ್ತು ಸಾವಿರದಾಗ ಮಾಡಿ ನಿಂದರಸ್ತೇನಿ” ಅಂದೆ.

“ಅರವತ್ತು ಸಾವಿರದಾಗ ಅದರ ಬಾಗಲಾ ಬರಂಗಿಲ್ಲ ಲೇ.”

“ಪಣ ಕಟ್ಟತೀ ಏನು?”

ಮಾವ ಪೆನ್ಸಿಲ್ ತೆಗೆದ. “ಕಟ್ಟೇನಿ. ಅರವತ್ತು ಸಾವಿರದೊಳಗ ಮಾಡಿದಿ ಅಂದ್ರ ನನ್ನ ಜೀಪು ನಿಂದು. ಒಂದು ರೂಪಾಯಿ ದಾಟಿದರ ನಿನ್ನ ಮೋಟರ್‌ಸೈಕಲ್ ನಂದು. ಎಲ್ಲಾ ಖರ್ಚು ಚೀಟಿ ಸಮೇತ ತೋರಸಬೇಕು.”

“ಆತು.”

“ಅಲ್ಲಲೇ, ಮಾಡಿದ ಮ್ಯಾಲೆ ಎಳ್ಯಾಕ ನಿನ್ನ ಕಡೆ ಏನೈತಿ?”

“ನಿನ್ನ ಜೀಪು.”

ನನ್ನ ಆತ್ಮವಿಶ್ವಾಸ ನೋಡಿ ಮಾವ ಎದ್ದು ಅಂಗಳಕ್ಕೆ ಹೋದ. ಜೀಪು ಇದ್ದಲ್ಲೇ ಇದೆಯೋ ಇಲ್ಲವೋ ಎಂದು ನೋಡಿ ಬಂದ.

ಸುರುವುವ ಹಾಸಿಗೆ

ಕಬ್ಬಿಣದ ಕೆಲಸಕ್ಕೆ ಹುನಗುಂದದ ವೆಲ್ಡಿಂಗ್ ಚಾಚಾನ ಹತ್ತಿರ ಹೋದೆ. ನಲವತ್ತು ವರ್ಷದಿಂದ ಟ್ರ್ಯಾಕ್ಟರ್ ಟ್ರಾಲಿ ಮಾಡುವ ಕೈ. ಹಳೆಯ ಆಕ್ಸಲ್, ಹಳೆಯ ಗಾಲಿ, ಹೊಸ ಪಟ್ಟಿ, ಎಲ್ಲಾ ಸೇರಿ ಇಪ್ಪತ್ನಾಲ್ಕು ಸಾವಿರಕ್ಕೆ ಒಪ್ಪಿದ. ನಾನು ಹಾಳೆಯ ಮೇಲೆ ಚಿತ್ರ ಬರೆದು ಕೊಟ್ಟೆ. ಚಾಚಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ತಿಳೀತು ಬೇಟಾ” ಅಂದು ಅದರಲ್ಲೇ ಬಜಿ ಇಟ್ಟುಕೊಂಡು ತಿಂದ.

ಇಪ್ಪತ್ತು ದಿನಕ್ಕೆ ಪೆಟ್ಟಿಗೆ ತಯಾರಾಯಿತು. ಪ್ಲೈವುಡ್ ನಾನೇ ಬಡಿದೆ. ಹಾಸಿಗೆಯನ್ನೂ ಒಳಗೆ ಹಾಕಿದೆ. ಅಂಗಡಿಯ ಎದುರಿಗೆ ಚಹಾ ಕುಡಿಯುವವರು ಹತ್ತು ಹನ್ನೆರಡು ಮಂದಿ ಕೂತಿದ್ದರು. ಇಂಥ ಹೊತ್ತಿನಲ್ಲಿ ಸುಮ್ಮನೆ ಹೋಗುವುದು ನನ್ನ ಜಾಯಮಾನವಲ್ಲ. “ನೋಡ್ರಿ, ರಾಜರ ಪಲ್ಲಕ್ಕಿ ಇದರ ಮುಂದ ಏನೂ ಅಲ್ಲ” ಎಂದು ಒಳಗೆ ಹೋಗಿ ಕಾಲು ಚಾಚಿ ಮಲಗಿದೆ. ತಲೆದಿಂಬನ್ನು ಹಿಂದಿನ ಬಾಗಿಲ ಕಡೆ ಇಟ್ಟಿದ್ದೆ.

ನಮ್ಮ ಕಡೆ ಟ್ರಾಲಿ ಅಂದರೆ ಹಿಂದಕ್ಕೆ ಬಗ್ಗಿ ಮಾಲು ಸುರುವಬೇಕು. ಚಾಚಾ ನನ್ನ ಚಿತ್ರ ಮರೆತರೂ ನಲವತ್ತು ವರ್ಷದ ರೂಢಿ ಮರೆತಿರಲಿಲ್ಲ. ಹಿಂದುಗಡೆ ಬಗ್ಗುವ ಕೀಲು ಇಟ್ಟಿದ್ದ, ಮುಂದೆ ತಡೆಯುವ ಪಿನ್ನು ಹಾಕಿರಲಿಲ್ಲ. ನಾನು ಒಂದು ಮಗ್ಗುಲಾದದ್ದೇ ತಡ, ಪೆಟ್ಟಿಗೆಯ ಮುಂದಿನ ಭಾಗ ಮೇಲಕ್ಕೆದ್ದಿತು, ಬಾಗಿಲು ತಾನೇ ತೆರೆಯಿತು. ನಾನು, ಹಾಸಿಗೆ, ದಿಂಬು, ಮೂವರೂ ಒಂದೇ ಸಾಲಿನಲ್ಲಿ ರಸ್ತೆಗೆ ಬಂದೆವು.

ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಚಪ್ಪಾಳೆ ಹೊಡೆದರು. ನಾನು ಮೈಮೇಲಿನ ಧೂಳು ಝಾಡಿಸುತ್ತ, “ಏನ್ ಚಾಚಾ ಇದು?” ಎಂದು ಕೂಗಿದೆ.

ಚಾಚಾ ಬಗ್ಗಿ ಪೆಟ್ಟಿಗೆಯ ಒಳಗೆ ಇಣುಕಿದ. ಅವನ ಮುಖ ಅರಳಿತು.

“ಫಿಟಿಂಗ್ ಅಂದ್ರ ಇದು ನೋಡು ಬೇಟಾ! ಒಳಗ ಒಂದು ಕಡ್ಡೀನೂ ಉಳದಿಲ್ಲ!”

ಪುಕ್ಕಟೆ ಕಲ್ಲು

ಪಿನ್ನು ಹಾಕಿಸಿದೆ. ಇನ್ನು ಒಳಗೆ ಒಲೆ ಇಡಲು ಕಟ್ಟೆ ಬೇಕಾಗಿತ್ತು. ಎಲ್ಲರೂ ಪ್ಲೈವುಡ್ ಹಾಕು ಅಂದರು. ಎಲ್ಲರೂ ಹೇಳಿದ್ದನ್ನು ಮಾಡಲು ನಾನೇ ಯಾಕೆ ಬೇಕು? ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಸಾಲಿ ಕಲಿತ ಗೆಳೆಯ ಕಲ್ಲು ಕೊಯ್ಯುವ ಮಷಿನ್ ಮೇಲಿದ್ದಾನೆ. ಅಲ್ಲಿ ಕೊಯ್ದು ಉಳಿದ ತುಂಡುಗಳು ಹಿತ್ತಲಲ್ಲಿ ರಾಶಿ ಬಿದ್ದಿರುತ್ತವೆ.

“ಎಷ್ಟ್ ಬೇಕು?” ಅಂದ.

“ರೇಟ್ ಎಷ್ಟು?”

“ಪುಕ್ಕಟೆ ಲೇ. ಒಯ್ದರ ಜಾಗಾ ಖಾಲಿ ಆಕ್ಕೈತಿ.”

ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪಗೊಂದು ಎಂಬ ಮಾತು ಸುಮ್ಮನೆ ಹುಟ್ಟಿಲ್ಲ. ಕಟ್ಟೆಗೆಂದು ಒಂದು ತುಂಡು ತಂದೆ. ಅದರ ಕೆಂಪು ಹೊಳಪು ನೋಡಿ ಕಪಾಟಿಗೆ ಎರಡು ತಂದೆ. ಕಪಾಟು ಚಂದ ಕಂಡಿತೆಂದು ನೆಲಕ್ಕೆ ಆರು ತಂದೆ. ನೆಲ ಆದ ಮೇಲೆ ಹೊಸ್ತಿಲು ಬಿಟ್ಟರೆ ಬರಿಗಾಲು ಕಂಡಂತೆ ಕಾಣುತ್ತಿತ್ತು, ಅದನ್ನೂ ಕೂರಿಸಿದೆ. ಒಳಗೆ ಹೋದರೆ ಅರಮನೆಯೇ. ನಾಲ್ಕು ಲಕ್ಷದ ಗಾಡಿಯಲ್ಲಿ ಸಹಿತ ಗ್ರಾನೈಟ್ ಇರಲಿಲ್ಲ, ನಾನು ವಿಡಿಯೋ ಮೂರು ಸಲ ನೋಡಿ ಖಾತ್ರಿ ಮಾಡಿಕೊಂಡೆ.

ಬಾಜೂಮನೆಯ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದೆ. ಟ್ರ್ಯಾಕ್ಟರ್ ಮುಂದೆ ಹೋಯಿತು, ಮನೆಯೂ ಹಿಂದೆ ಹೋಯಿತು. ಹತ್ತು ಮಾರು ಹೋದ ಮೇಲೆ ‘ಕಟಾರ್’ ಎಂದು ಸಪ್ಪಳ ಬಂತು. ಆಕ್ಸಲ್ ಬಿಲ್ಲಿನಂತೆ ಬಗ್ಗಿ, ಎರಡೂ ಗಾಲಿ ಒಂದರ ಮುಖ ಒಂದು ನೋಡುತ್ತ ಕೂತವು.

ಚಾಚಾನನ್ನು ಕರೆಸಿದೆ. ಅವನು ಒಳಗೆ ಹೋಗಿ ನೆಲದ ಮೇಲೆ ಕೈಯಾಡಿಸಿ ಹೊರಗೆ ಬಂದು, ಚಪ್ಪಲಿ ಬಿಟ್ಟು ನಿಂತ.

“ಚಪ್ಪಲ್ ಯಾಕ್ ಬಿಟ್ಟಿ ಚಾಚಾ?”

“ಬೇಟಾ, ನೀ ನನಗ ಗಾಡಿ ಮಾಡಾಕ ಹೇಳಿದ್ದಿ. ಒಳಗ ಗುಡಿ ಯಾವಾಗ ಕಟ್ಟಿದಿ?”

ಹೊಸ ಆಕ್ಸಲ್ಲಿಗೆ ಎಂಟು ಸಾವಿರ ಹೋಯಿತು. ಕಲ್ಲೆಲ್ಲಾ ಕಿತ್ತು ಪ್ಲೈವುಡ್ ಬಡಿದೆ. ಹೊಸ್ತಿಲಿನ ತುಂಡನ್ನು ಅವ್ವ ಬಚ್ಚಲ ಮುಂದೆ ಹಾಕಿಸಿಕೊಂಡಳು. ಎಂಟು ಸಾವಿರ ರೂಪಾಯಿಯ ಕಲ್ಲಿನ ಮೇಲೆ ಬಟ್ಟೆ ಒಗೆಯುವವರು ಜಿಲ್ಲೆಯಲ್ಲಿ ನಾವಷ್ಟೇ ಇರಬೇಕು.

ಐಹೊಳೆಯ ಪೇಷಂಟು

ಬಣ್ಣಕ್ಕೂ ಹೆಚ್ಚು ಖರ್ಚು ಮಾಡಲಿಲ್ಲ. ಯಾರದೋ ಮನೆಗೆ ಬಳಿದು ಉಳಿದ ಬಿಳಿ ಬಣ್ಣ ಸಿಕ್ಕಿತು. ಅಂಚಿಗೆ ಇಳಕಲ್ ಸೀರೆಯ ದಡಿಯಂತೆ ಕೆಂಪು ಪಟ್ಟಿ ಎಳೆದೆ. ನೀರಿನ ವ್ಯವಸ್ಥೆ ನನ್ನ ಕಸುಬಿನ ಪೈಪಿನಿಂದಲೇ ಆಯಿತು. ಭಾಳ ಚಲೋ ಕೆಲಸ, ಏನೂ ಸೋರುವುದಿಲ್ಲ. ಆದರೆ ಹನಿ ನೀರಾವರಿ ಪೈಪಾದ್ದರಿಂದ ಒಂದು ಲೋಟ ತುಂಬುವಷ್ಟರಲ್ಲಿ ನೀರಡಿಕೆಯೇ ಹೋಗಿರುತ್ತದೆ.

ಬಾಜೂಮನೆಯವರು ಐಹೊಳೆಗೆ ಟ್ರ್ಯಾಕ್ಟರ್ ಒಯ್ಯುವವರಿದ್ದರು. ನಾನೂ ನನ್ನ ಮನೆಯನ್ನು ಹಿಂದೆ ಕಟ್ಟಿಕೊಂಡೆ. ಐಹೊಳೆಯಲ್ಲಿ ಗುಡಿ ನೋಡಲು ಬಂದವರು ಗುಡಿ ಬಿಟ್ಟು ನನ್ನ ಗಾಡಿಯ ಫೋಟೋ ಹೊಡೆಯುತ್ತಾರೆ ಎಂದು ನನಗೆ ಖಾತ್ರಿ ಇತ್ತು. ಬೇವಿನ ಗಿಡದ ನೆರಳಿಗೆ ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಚಹಾ ಕುಡಿದು ಬಂದೆ. ಬಂದು ನೋಡಿದರೆ ಬಾಗಿಲ ಮುಂದೆ ಏಳೆಂಟು ಮಂದಿ ಪಾಳಿ ಹಚ್ಚಿ ನಿಂತಿದ್ದಾರೆ! ನನ್ನ ಎದೆ ಇಷ್ಟಗಲ ಆಯಿತು.

ಒಳಗೆ ಹಾಸಿಗೆಯ ಮೇಲೆ ಒಬ್ಬ ಮುದುಕಿ ಮಲಗಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ತೋಳು ಮುಂದೆ ಚಾಚಿದಳು.

“ಬಾ ಡಾಕ್ಟರಾ. ಎರಡೂ ಮೊಣಕಾಲು ಹಿಡದಾವ. ಸೂಜಿ ಮಾಡು.”

“ಯಮ್ಮಾ, ಇದು ದವಾಖಾನಿ ಅಲ್ಲ.”

“ಬೆಳ್ಳಗ ಐತಿ, ಕೆಂಪ ಪಟ್ಟಿ ಐತಿ, ಒಳಗ ಹಾಸಗಿ ಐತಿ. ದವಾಖಾನಿ ಅಲ್ಲದ ಮತ್ತೇನೋ?”

“ನಾ ಡಾಕ್ಟರ್ ಅಲ್ಲಬೇ, ಪೈಪ್ ರಿಪೇರಿ ಮಾಡ್ತೇನಿ.”

“ಮಾಡು. ನನ್ನ ಪೈಪೂ ಹಳೇವಾಗ್ಯಾವ.”

ಪಾಳಿಯಲ್ಲಿದ್ದವರು ಒಳಗೆ ಇಣುಕಿ, “ಲಗೂ ಮಾಡ್ರಿ, ನಮಗೂ ಹೊಲಕ್ಕ ಹೋಗೂದೈತಿ” ಎಂದು ಗದ್ದಲ ಹಚ್ಚಿದರು. ನಾನು ಎಷ್ಟು ಹೇಳಿದರೂ ಮುದುಕಿ ಏಳಲಿಲ್ಲ. ಅರ್ಧ ತಾಸು ಗಡದ್ದಾಗಿ ನಿದ್ದೆ ಹೊಡೆದು ಎದ್ದಳು. ಎರಡು ಹೆಜ್ಜೆ ನಡೆದು ನೋಡಿ, ಸೊಂಟದ ಚೀಲದಿಂದ ಹತ್ತು ರೂಪಾಯಿ ತೆಗೆದು ನನ್ನ ಅಂಗೈಗೆ ಒತ್ತಿದಳು.

“ಆರಾಮಾತಪಾ. ಸೂಜಿ ಚುಚ್ಚದ ಆರಾಮ ಮಾಡೂ ಡಾಕ್ಟರ್ ನೀ ಒಬ್ಬಾಂವನ.”

ಹಾಲು ಉಕ್ಕಿದ ಮೇಲೆ

ಮಾವ ಲೆಕ್ಕಕ್ಕೆ ಬಂದ. ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಚೀಟಿ ಚೀಟಿಯಾಗಿ ಕೂಡಿಸಿದ. ಐವತ್ತಾರು ಸಾವಿರದ ನಾನೂರು ಆಯಿತು. ಐಹೊಳೆಯ ಹತ್ತು ರೂಪಾಯಿ ಆಮದಾನಿ ಎಂದು ಅದನ್ನೂ ಕಳೆದು, ಐವತ್ತಾರು ಸಾವಿರದ ಮುನ್ನೂರಾ ತೊಂಬತ್ತು ಎಂದು ಬರೆದ. ಆ ವಿಷಯದಲ್ಲಿ ಮನುಷ್ಯ ಪ್ರಾಮಾಣಿಕ.

“ಜೀಪಿನ ಕೀಲಿ ತಾ ಮಾವಾ” ಅಂದೆ.

ಮಾವ ಚೀಟಿ ಮಡಚಿ ಕಿಸೆಗೆ ಹಾಕಿದ. ಎದ್ದು ಗಾಡಿಯ ಸುತ್ತ ಒಂದು ಸುತ್ತು ಹಾಕಿ ಒಳಗೆ ಹೋದ. ಬರುವಾಗ ಅವನ ಮುಖದ ಮೇಲೆ ಟಿಕೆಟ್ ಇಲ್ಲದವನನ್ನು ಹಿಡಿದ ಕಳೆ ಇತ್ತು. ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ತಿರುಗಿದ.

“ತಂಗೀ, ಒಳಗ ಒಲಿ ಐತಿ, ಬಾಗಲಾ ಐತಿ, ಮಲಗಾಕ ಜಾಗಾ ಐತಿ. ಇದು ಗಾಡಿ ಅಲ್ಲ, ಮನಿ. ಮನಿ ಅಂದ ಮ್ಯಾಲೆ ಶಾಂತಿ ಮಾಡದ ಒಳಗ ಕಾಲಿಡಬಾರದು. ಹಾಲು ಉಕ್ಕಿಸಬೇಕು, ಐನೋರ ಪಾದಪೂಜಿ ಆಗಬೇಕು, ಓಣಿಗೆಲ್ಲಾ ಹೋಳಿಗಿ ಊಟ ಹಾಕಬೇಕು. ಅದೂ ಖರ್ಚಿನಾಗ ಬರ್ತೈತಿ.”

“ಇದು ಗಾಡಿ! ಒಂದು ಲಿಂಬಿಹಣ್ಣು ಗಾಲಿ ಕೆಳಗ ಇಟ್ರ ಮುಗೀತು!” ಎಂದು ನಾನು ಕೂಗಾಡಿದೆ. ಆದರೆ ಶಾಂತಿ ಎಂಬ ಶಬ್ದ ಅವ್ವನ ಕಿವಿಗೆ ಬಿದ್ದಾಗಿತ್ತು.

“ಅಣ್ಣ ಅನ್ನೂದು ಖರೆ ಐತಿ. ಶಾಂತಿ ಮಾಡದ ಮಗನ್ನ ಒಳಗ ಮಲಗಸಂಗಿಲ್ಲ ನಾ.”

ಸೋಮವಾರ ಶಾಂತಿಯಾಯಿತು. ಗಾಡಿಯೊಳಗಿನ ಒಲೆಯ ಮೇಲೆ ಹಾಲು ಉಕ್ಕಿತು. ಐನೋರು ಬಂದರು, ಓಣಿ ಬಂತು, ಓಣಿಯವರ ಬೀಗರೂ ಬಂದರು. ಊಟಕ್ಕೆ ಹದಿನಾಲ್ಕು ಸಾವಿರ ಹತ್ತಿತು. ಹೋಳಿಗೆಯ ಪಂಕ್ತಿ ನಡೆದಿರುವಾಗಲೇ ಮಾವ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಓದಿದ: “ಎಪ್ಪತ್ತು ಸಾವಿರದ ಮುನ್ನೂರಾ ತೊಂಬತ್ತು. ಮೋಟರ್‌ಸೈಕಲ್ ಕೀಲಿ ತಾ.”

ಮಾತು ಕೊಟ್ಟವನು ನಾನು. ಕೀಲಿ ತೆಗೆದು ಅವನ ಕೈಯಲ್ಲಿಟ್ಟೆ. ಎಲೆಯ ಮೇಲಿನ ಅರ್ಧ ಹೋಳಿಗೆ ಹಾಗೇ ಬಿಟ್ಟೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಇರಲಿ.

ಆಗ ಅವ್ವ ಸಾರಿನ ಬಕೆಟ್ ಕೆಳಗಿಟ್ಟು ಮುಂದೆ ಬಂದಳು.

“ಅಣ್ಣಾ, ಇದು ಮನಿನಾ ಹೌದಲ್ಲ?”

“ಮನಿನ! ಎಲ್ಲಾರೂ ಶಾಂತಿ ಊಟ ಉಂಡಾರಲ್ಲ.”

“ಐನೋರ ಮುಂದ ಹೇಳು.”

“ಮನೀರಿ, ಮನಿ, ಮನಿ!” ಮಾವ ಮೂರು ಸಲ ಹೇಳಿದ.

“ಹಂಗಾದ್ರ ಮನಿಶಾಂತಿಗೆ ತವರಿನ ಆಯೇರಿ ಎಲ್ಲೈತಿ?”

ಪಂಕ್ತಿಯೆಲ್ಲಾ ಮಾವನ ಕಡೆ ತಿರುಗಿತು. ತಂಗಿ ಹೊಸ ಮನೆ ಹೊಕ್ಕರೆ ಅಣ್ಣನಾದವನು ಆಯೇರಿ, ಅಂದರೆ ಉಡುಗೊರೆ, ತರಬೇಕು. ತರದಿದ್ದರೆ ಸಾಯುವತನಕ ಓಣಿಯ ಹೆಣ್ಣುಮಕ್ಕಳ ಬಾಯಿಗೆ ಬಿದ್ದಿರಬೇಕು. ಮಾವ ತಡವರಿಸಿದ.

“ಆತಬೇ, ಒಂದು ಸೀರಿ ಕಳಸ್ತೇನಿ. ಇಳಕಲ್ಲದಾಗ ಇರಾಂವಗ ಸೀರಿಗೇನು ಬರಗಾಲ?”

“ಸೀರಿ ಬ್ಯಾಡ. ನಮ್ಮ ಈ ಮನಿ ಶಾಂತಿಗೆ ಅಪ್ಪ ಏನ್ ತಂದಿದ್ದ, ನೆನಪೈತಿ?”

ಮಾವನ ಬದಲು ಮೂಲೆಯಲ್ಲಿದ್ದ ಮುದುಕನೊಬ್ಬ ಉತ್ತರ ಕೊಟ್ಟ: “ಎತ್ತಿನ ಜೋಡಿ ಹೊಡಕೊಂಡು ಬಂದಿದ್ದ. ನಾ ಕಣ್ಣಾರೆ ನೋಡೇನಿ.”

“ಈ ಮನಿಗೂ ಎತ್ತು ಬೇಕಲ್ಲ ಅಣ್ಣಾ” ಎಂದಳು ಅವ್ವ, ಭಾಳ ಸಾವಕಾಶ. “ಎಳ್ಯಾಕ.”

ಐನೋರು ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ತೀರ್ಪು ಕೊಟ್ಟರು: “ತವರಿನ ಪದ್ಧತಿ. ತಪ್ಪಸಬಾರದು.”

ಮಾವನ ಕಿವಿಯ ಮೇಲಿನ ಪೆನ್ಸಿಲ್ ಜಾರಿ ಸಾರಿನ ಬಕೆಟ್ಟಿಗೆ ಬಿತ್ತು.

ಮುಂದಿನ ವಾರ ಜೀಪು ಬಂತು. ನಾನು ಓಡಿಹೋಗಿ ಕೈ ಚಾಚಿದೆ. ಮಾವ ನನ್ನನ್ನು ದಾಟಿ ಹೋಗಿ ಕೀಲಿಯನ್ನು ಅವ್ವನ ಉಡಿಯಲ್ಲಿ ಹಾಕಿದ. ಆಯೇರಿ ತಂಗಿಗೆ, ತಂಗಿಯ ಮಗನಿಗಲ್ಲ. ಕಾಗದಪತ್ರವೂ ಅವ್ವನ ಹೆಸರಿಗೇ ಆಯಿತು.

ಈಗ ಹುಣ್ಣಿಮೆಗೊಮ್ಮೆ ಜೀಪಿಗೆ ಗಾಲಿಮನಿ ಕಟ್ಟಿಕೊಂಡು ಬನಶಂಕರಿಗೆ ಹೋಗುತ್ತೇವೆ. ಜೀಪಿನ ಮಾಲಕಿ ಅವ್ವ ಮುಂದಿನ ಸೀಟಿನಲ್ಲಿ. ಹಿಂದೆ ಅವಳ ಮೂವರು ಗೆಳತಿಯರು. ನಾನು ಡ್ರೈವರ್. ಮಾವನೂ ಬರುತ್ತಾನೆ. ತಿರುವು ಬಂದಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ “ರೈಟ್, ರೈಟ್” ಎನ್ನುವುದು ಅವನ ಕೆಲಸ.

ಮೊದಲ ಸಲ ಹೋದಾಗ ಬನಶಂಕರಿ ಗುಡಿ ಇರುವ ಚೊಳಚಗುಡ್ಡದಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಮಂದಿ ಸುತ್ತುಗಟ್ಟಿದರು. ಒಬ್ಬಾಕೆ ಬಾಗಿಲು ಮುಟ್ಟಿ ನೋಡಿ, “ಎಷ್ಟು ಚಂದ ಐತಿ! ಮಾಡಾಕ ಎಷ್ಟ್ ಖರ್ಚಾತು?” ಅಂದಳು.

ಇಷ್ಟು ದಿನ ಈ ಪ್ರಶ್ನೆಗಾಗಿಯೇ ನಾನು ಕಾದಿದ್ದೆ. ಎದೆ ಉಬ್ಬಿಸಿ, ಮೀಸೆಯ ಮೇಲೆ ಕೈ ಹಾಕಿ, ಗಂಟಲು ಸರಿಮಾಡಿಕೊಂಡೆ. ಮಾವನೂ ಅಭ್ಯಾಸಬಲದಿಂದ ಹೊಸ ಪೆನ್ಸಿಲ್ ತೆಗೆದ.

ನಮ್ಮಿಬ್ಬರ ನಡುವಿನಿಂದ ಅವ್ವ ತೆಂಗಿನಕಾಯಿ ಹಿಡಿದುಕೊಂಡು ಮುಂದೆ ಹೋಗುತ್ತ ಹೇಳಿದಳು:

“ಖರ್ಚೆಲ್ಲೀದವಾ? ಮಾಡಿದ್ದಕ್ಕ ನನಗ ಒಂದು ಜೀಪು ಉಳೀತು.”