ಹೆಣ್ಣು ನೋಡಲು ಹೋದ ದಿನವೂ ರಜೆ ಹಾಕದ ಕಾವಲು ಪಡೆಗೆ

ಮಾನ್ಯರೇ,

ನನ್ನ ಮೈಯೊಳಗೆ ಇಪ್ಪತ್ತೇಳು ವರ್ಷಗಳಿಂದ ಉಂಡುಟ್ಟುಕೊಂಡು ಕಾವಲು ಕಾಯುತ್ತಿರುವ ರೋಗನಿರೋಧಕ ಪಡೆಯ ಮುಖ್ಯಸ್ಥರಾದ ತಮಗೆ, ಹನೂರು ತಾಲ್ಲೂಕು ಶಾಗ್ಯದ ಮಹದೇವು ಊದಿದ ಬೆರಳುಗಳನ್ನು ಆದಷ್ಟು ಜೋಡಿಸಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನನ್ನ ರಕ್ತಪರೀಕ್ಷೆಯ ಚೀಟಿಯಿಂದ ತಿಳಿಯಿತು. ನನ್ನ ಕ್ಷೇಮದ ವಿಚಾರ ತಮ್ಮ ಕೈಯಲ್ಲೇ ಇರುವುದರಿಂದ ಬರೆಯುವುದಿಲ್ಲ.

ನಾನು ಹತ್ತನೇ ತರಗತಿ ಮುಗಿಸಿ ರೇಷ್ಮೆ ನೂಲು ತೆಗೆಯುವ ಕಡೆ ಎಂಟು ತಿಂಗಳು, ಮೊಬೈಲ್ ಅಂಗಡಿಯಲ್ಲಿ ಒಂದು ವರ್ಷ, ಟೈಲ್ಸ್ ಕೆಲಸದಲ್ಲಿ ಆರು ವಾರ ಇದ್ದು, ಸದ್ಯ ಕೊಳ್ಳೇಗಾಲದಲ್ಲಿ ಲಗೇಜ್ ಆಟೋ ಓಡಿಸುತ್ತಿರುವವನು. ಕೂತಲ್ಲಿ ಕೂರಲಾರದ ನನ್ನಂಥವನಿಗೆ, ಹಿಡಿದ ಕೆಲಸ ಬಿಡದ ತಮ್ಮನ್ನು ಕಂಡರೆ ನಿಜವಾಗಿಯೂ ಗೌರವ. ಮೊದಲು ನನ್ನ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯನ್ನು ಕಳ್ಳನೆಂದು ಹಿಡಿದು ಬಡಿದಿರಿ. ಅದು ನಮ್ಮ ಮನೆಯದೇ ಎಂದು ಡಾಕ್ಟರು ಹೇಳುವಷ್ಟರಲ್ಲಿ ಬೆರಳ ಗೆಣ್ಣುಗಳ ಮೇಲೆ ಬಿದ್ದಿರಿ. ಹೋದ ವರ್ಷ ಕರುಳಿಗೆ ಇಳಿದಿರಿ. ಗೋಧಿಯ ಒಂದು ಕಣ ಒಳಗೆ ಬಂದರೂ ಸಾಕು, ಗೋಧಿಯನ್ನು ಬಿಟ್ಟು ಕರುಳನ್ನೇ ಥಳಿಸುತ್ತೀರಿ. ಆದರೆ ಹೋದ ತಿಂಗಳು ನಿಜವಾದ ನೆಗಡಿ ಬಂದು ಹತ್ತು ದಿನ ನನ್ನ ಮೂಗಿನಲ್ಲಿ ಬಿಡಾರ ಹೂಡಿದಾಗ ತಾವು ಎಲ್ಲಿಗೆ ಹೋಗಿದ್ದಿರೆಂದು ಕೇಳಲು ನನಗೆ ಸಂಕೋಚ.

ಮಾತ್ರೆ ನುಂಗುತ್ತಿದ್ದೇನೆ. ಅದರ ಜೊತೆಗೆ, ತಮ್ಮ ಕೋಪ ತಣ್ಣಗಿರಲೆಂದು ಪರೋಟ, ಬನ್ನು, ಪೂರಿ, ಬಿಸ್ಕತ್ತುಗಳನ್ನು ಬಿಟ್ಟು ರಾಗಿಮುದ್ದೆ, ಅನ್ನ, ಸೊಪ್ಪಿನ ಸಾರಿಗೆ ಶರಣಾಗಿದ್ದೇನೆ. ನಮ್ಮವ್ವ ಪುಟ್ಟಬಸಮ್ಮ ನನಗೆಂದೇ ಬೇರೆ ಪಾತ್ರೆ, ಬೇರೆ ಸೌಟು ಇಟ್ಟು, “ಬಾಣಂತೀಗೂ ಇಂಗೆ ಪತ್ಯ ಮಾಡಿರ್ನಿಲ್ಲ ಕಣಪ್ಪ” ಎನ್ನುತ್ತಾಳೆ. ಇಷ್ಟಾದರೂ ಒಂದು ತಿಂಗಳು ಹೊಟ್ಟೆ ಸರಿಹೋಗದೆ, ಕೊನೆಗೆ ಮೈಸೂರಿನ ಆಹಾರತಜ್ಞೆ ವಿಚಾರಿಸಿದಾಗ, ಒಗ್ಗರಣೆಗೆ ಹಾಕುವ ಇಂಗಿನ ಪುಡಿಯಲ್ಲೂ ಗೋಧಿಹಿಟ್ಟು ಬೆರೆತಿತ್ತೆಂದು ಗೊತ್ತಾಯಿತು. ಆ ಚಿಟಿಕೆಯನ್ನೂ ಪತ್ತೆ ಮಾಡಿದ ತಾವು ಪಾಲಾರ್ ಗಡಿಯಲ್ಲಿ ಲಾರಿ ತಪಾಸಣೆಗೆ ನಿಂತಿದ್ದರೆ ನಾಡಿಗೆ ಎಷ್ಟು ಉಪಕಾರವಾಗುತ್ತಿತ್ತು.

ಈಗ ದೂರಿಗೆ ಬರುತ್ತೇನೆ. ನಮ್ಮ ಜನರಲ್ಲಿ ಹೆಣ್ಣು ನೋಡಲು ಹೋದಾಗ, ಹುಡುಗಿ ತಂದಿಟ್ಟ ಉಪ್ಪಿಟ್ಟಿನ ತಟ್ಟೆ ಖಾಲಿಯಾದರೆ ಒಪ್ಪಿಗೆ, ಹಾಗೇ ಉಳಿದರೆ ಬೇಡವೆಂದು ಅರ್ಥ. ಬಾಯಿಬಿಟ್ಟು ಯಾರೂ ಕೇಳುವುದಿಲ್ಲ. ಯಳಂದೂರಿನಲ್ಲಿ ಮರ್ಯಾದೆಗೆ ತಿಂದೆ. ಅರ್ಧ ಗಂಟೆಯೂ ಕಾಯದೆ ತಾವು ಶೌರ್ಯ ತೋರಿಸಿದ್ದರಿಂದ, “ಉಡ್ಗ ಎಣ್ಣು ನೋಡಿದ್ಕಿಂತ ನಮ್ಮನೆ ಕಕ್ಕಸು ನೋಡಿದ್ದೇ ಎಚ್ಚು” ಎಂದು ಅವರ ಕಡೆಯಿಂದ ಮಾತು ಬಂತು. ಹನೂರಿನಲ್ಲಿ ತಿನ್ನಲಿಲ್ಲ. ಅವಮಾನವಾಯಿತೆಂದು ಆ ಮನೆಯವರು ಸಂತೆಯಲ್ಲಿ ಕಂಡರೂ ಈಗ ಮುಖ ತಿರುಗಿಸುತ್ತಾರೆ.

ಮೂರನೆಯದು ಧನಗೆರೆಯ ಪುಷ್ಪ. ಟೈಲರಿಂಗ್ ಮಾಡುವ ಹುಡುಗಿ. ತಟ್ಟೆ ಇಡುವಾಗ ನನ್ನ ಮುಖಕ್ಕಿಂತ ಮೊದಲು ಊದಿದ ಬೆರಳುಗಳನ್ನು ನೋಡಿದಳು, ನೋಡಿದ್ದನ್ನು ಮುಚ್ಚಿಡಲೂ ಇಲ್ಲ. ಈ ಸಲ ತಟ್ಟೆ ಹಾಗೇ ಉಳಿಯಬಾರದೆಂದು ನನಗೆ ಆಗಲೇ ಅನ್ನಿಸಿಬಿಟ್ಟಿತು. ಗೋಧಿ ಆಗದೆಂದು ಅವ್ವ ಮುಂಚೆಯೇ ಫೋನ್ ಮಾಡಿ ತಿಳಿಸಿದ್ದಳು. ಪುಷ್ಪಳ ಅಜ್ಜಿ ಗುರುಬಸಮ್ಮನವರು ಹೆಮ್ಮೆಯಿಂದ, “ಗೋದಿ ಬ್ಯಾಡ ಅಂದ್ರಲ್ಲ, ಅದ್ಕೇಯ ರವೆ ಉಪ್ಪಿಟ್ಟು ಮಾಡಿಸಿವ್ನಿ, ತಿನ್ನಪ್ಪ” ಎಂದರು. ರವೆಯೂ ಗೋಧಿಯದೇ ಎಂದು ನಾನು ಮೆಲ್ಲಗೆ ಹೇಳಿದ್ದಕ್ಕೆ, “ಗೋದಿ ಒಲ್ದಲ್ಲಿ ಬೆಳೀತದೆ, ರವೆ ಅಂಗ್ಡೀಲಿ ಸಿಕ್ತದೆ, ಎರಡೂ ಒಂದೇಯಾ?” ಎಂದು ಕೇಳಿದರು. ನನ್ನ ಜೊತೆ ಬಂದು ಪಕ್ಕದಲ್ಲಿ ಕೂತಿದ್ದ ಸೋದರಮಾವ ದೊಡ್ಡಸಿದ್ದಯ್ಯ ನನ್ನ ತೊಡೆ ಚಿವುಟಿ, “ಕಣ್ಮುಚ್ಕಂಡು ನುಂಗ್ಲಾ. ತಿಂದ್ರೆ ಒಂದ್ ವಾರ ಒಟ್ಟೆನೋವು, ಬಿಟ್ರೆ ಜೀವ್ಮಾನ ಒಂಟಿ” ಎಂದು ಪಿಸುಗುಟ್ಟಿದರು.

ನಾನು ಮುಟ್ಟದ ತಟ್ಟೆಯನ್ನು ಕೆಳಗಿಟ್ಟು ಕುತ್ತಿಗೆ, ಬೆರಳು, ಕರುಳು ಮೂರರ ಕಥೆಯನ್ನೂ, ಇವು ಹೋಗುವ ಕಾಯಿಲೆಗಳಲ್ಲ ಎಂಬುದನ್ನೂ ಹೇಳಿಬಿಟ್ಟೆ. ಹಿರಿಯರೆಲ್ಲ ಸೂರು ನೋಡತೊಡಗಿದರು. ಮಾವ ಚಪ್ಪಲಿ ಎಲ್ಲಿದೆಯೆಂದು ಹುಡುಕಿದರು. ಆಗ ಪುಷ್ಪ ಬಂದು, ನನ್ನ ತಟ್ಟೆಯನ್ನು ಎತ್ತಿಕೊಂಡು, ಎಲ್ಲರೆದುರು ನಿಂತುಕೊಂಡೇ ಉಪ್ಪಿಟ್ಟನ್ನು ಕೊನೆಯ ಕಾಳಿನವರೆಗೆ ತಿಂದು, “ತಟ್ಟೆ ಕಾಲಿ ಆಯ್ತಲ್ಲ ಅಜ್ಜಿ, ಇನ್ನೇನು?” ಎಂದಳು. ಶಾಸ್ತ್ರದಲ್ಲಿ ತಟ್ಟೆಯ ಮಾತಿತ್ತೇ ಹೊರತು ತಿನ್ನುವವರ ಹೆಸರು ಇರಲಿಲ್ಲವಾದ್ದರಿಂದ, ಹಿರಿಯರು ಅಲ್ಲೇ ಕೂತು ಧಾರೆಗೆ ದಿನ ಗೊತ್ತುಮಾಡಿದರು.

ಆದ್ದರಿಂದ ಮಾನ್ಯರೇ, ಕೆಲವು ವಿನಂತಿಗಳು. ಧಾರೆಯ ದಿನ ತಾವು ಸಿಬ್ಬಂದಿ ಸಮೇತ ಒಂದು ದಿನ ರಜೆ ಹಾಕಿ ದೇವರ ಬೆಟ್ಟಕ್ಕೆ ಹೋಗಿಬರಬೇಕು. ತಾಳಿಯ ಮೂರು ಗಂಟು ಹಾಕುವಷ್ಟು ಹೊತ್ತಾದರೂ ಬೆರಳುಗಳನ್ನು ನನ್ನ ವಶಕ್ಕೆ ಬಿಡಬೇಕು. ಇನ್ನು ನಾಲ್ಕನೆಯ ಜಾಗದ ಮೇಲೆ ತಮ್ಮ ಕಣ್ಣಿದ್ದರೆ ದಯವಿಟ್ಟು ಮದುವೆಗೆ ಮೊದಲೇ ಪುಷ್ಪಳಿಗೆ ತಿಳಿಸಬೇಕು. ಮೂರೆಂದು ಹೇಳಿ ನಾಲ್ಕು ಕಟ್ಟಿದನೆಂಬ ಮಾತು ನನಗೆ ಬರಬಾರದು. ಅವಳು ಒಪ್ಪಿದ್ದು ಮೂರಕ್ಕೆ ಮಾತ್ರ. ನಾಲ್ಕಕ್ಕೂ ಒಪ್ಪುತ್ತಾಳೆಂದು ನನಗನ್ನಿಸುತ್ತದೆ, ಆದರೆ ತಾವು ಪರೀಕ್ಷಿಸಿ ನೋಡುವುದು ಬೇಡ.

ತಮಗೆ ಬೇರೆ ಮನೆ ಹುಡುಕಿಕೊಡಲಾರದ,
ತಮ್ಮ ವಿಶ್ವಾಸಿ,
ಮಹದೇವು

ಮರೆತ ಮಾತು: ಮದುವೆ ಊಟದಲ್ಲಿ ಮೈದಾದ ಒಬ್ಬಟ್ಟು ಬೇಡವೆಂದು ಪುಷ್ಪಳೇ ತೀರ್ಮಾನಿಸಿದ್ದಾಳೆ. ಇದಕ್ಕೆ ಕಾರಣ ಯಾರೆಂದು ಮಾವ ಕೇಳಿದಾಗ ತಮ್ಮ ಹೆಸರು ಹೇಳಿದೆ. ಅವರು ತಮ್ಮನ್ನು ಉದ್ದೇಶಿಸಿ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಿದ್ದಾರೆ. ತಲುಪಿದ್ದರೆ ತಿಳಿಸುವುದು.